ಅಜ್ಜನ ಸರಳಿನ ಎರಡು ಗೀರು: ಪ್ರೋಗ್ರೆಸ್ಸಿವ್ ಪ್ರೆಸ್‌ನಿಂದ ಕಲಿತದ್ದು

ನಾನು ಮೆಕ್ಯಾನಿಕಲ್ ಎರಡನೇ ವರ್ಷ. ಒಂದನೇ ಕ್ಲಾಸಿನಿಂದಲೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ಇಷ್ಟುದ್ದ ಬರೀತಾ ಇರೋದು ಇದೇ ಮೊದಲು. ‘ಸ್ಟೇಷನ್’ ಅನ್ನೋ ಜಾಗದಲ್ಲಿ ಮೊದಲು ‘ನಿಲ್ದಾಣ’ ಅಂತ ಬರೆದಿದ್ದೆ. ರೂಮ್‌ಮೇಟ್ ಓದಿ, “ಇಲ್ಲಿಗೆ ಯಾವ ಬಸ್ ಬರ್ತದೆ?” ಅಂತ ಕೇಳಿದಳು. ಅದಕ್ಕೇ ಸ್ಟೇಷನ್ ಅಂತಲೇ ಬಿಟ್ಟಿದ್ದೇನೆ. ಬೇರೆ ಪದಗಳಿಗೂ ಇದೇ ನಿಯಮ: ಎಲ್ಲರಿಗೂ ಗೊತ್ತಿರೋ ಪದ ಯಾವುದೋ ಅದು.

ವಿಷಯ ಒಂದು ಯಂತ್ರ. ಬಂದೂಕಿನ ತೋಟೆಗಳನ್ನು ಮತ್ತೆ ತುಂಬುವ ಪ್ರೋಗ್ರೆಸ್ಸಿವ್ ಪ್ರೆಸ್. ಇದನ್ನು ಯಾಕೆ ಆರಿಸಿಕೊಂಡೆ ಅಂತ ಹೇಳೋಕೆ ಮೊದಲು ನಮ್ಮೂರಿಗೆ ಹೋಗಬೇಕು.

ಅಗಸೂರಿನ ಕೋವಿ

ನಮ್ಮೂರು ಅಂಕೋಲಾ ತಾಲೂಕಿನ ಅಗಸೂರು, ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಮೇಲೆ. ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಒಂದು ಕೋವಿ ಇದೆ. ಒಂಟಿ ನಳಿಗೆ, ಬಾಯಿಯಿಂದಲೇ ಮದ್ದು ತುಂಬುವ ಹಳೇ ನಮೂನೆ. ಲೈಸೆನ್ಸ್ ಪುಸ್ತಕದಲ್ಲಿ ಇದನ್ನು ಎಸ್‌ಬಿಎಂಎಲ್ ಅಂತ ಬರೀತಾರೆ. ಮಂಗ, ಹಂದಿ ತೋಟಕ್ಕೆ ಬಂದಾಗ ಅಜ್ಜ ಮೇಲಕ್ಕೆ ಒಂದು ಈಡು ಹೊಡೀತಾನೆ, ಬರೀ ಸದ್ದಿಗೆ. ವರ್ಷಕ್ಕೆ ಹತ್ತೋ ಹನ್ನೆರಡೋ ಈಡು, ಅಷ್ಟೇ. ಎಲೆಕ್ಷನ್ ಬಂದರೆ ಕೋವಿ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು, ಆ ದಿನಗಳಲ್ಲಿ ಡಬ್ಬ ಬಡಿಯೋದೇ ಗತಿ.

ಈ ಕೋವಿ ತುಂಬೋ ಕ್ರಮ ಚಿಕ್ಕವಳಿದ್ದಾಗಿಂದ ನೋಡಿದ್ದೇನೆ. ಮೊದಲು ಮದ್ದು. ಅದರ ಮೇಲೆ ತೆಂಗಿನ ನಾರಿನ ಉಂಡೆ. ಸರಳಿನಿಂದ ಗಿಡಿಯೋದು. ಚರೆ ಹಾಕೋದಿದ್ದರೆ ಚರೆ, ಮತ್ತೆ ನಾರು, ಮತ್ತೆ ಗಿಡಿಯೋದು. ಕೇಪು ಕೂರಿಸೋದು ಕಟ್ಟಕಡೆಗೆ. ಒಂದು ಮುಗಿದ ಮೇಲೇ ಇನ್ನೊಂದು.

ಒಂದು ಸಲ ಅಜ್ಜ ತುಂಬುತ್ತಾ ಇರುವಾಗ ನಾನು ಪಕ್ಕದಲ್ಲಿ ಕೂತು ಶಾಲೆಯ ಸುದ್ದಿ ಹೇಳ್ತಾ ಇದ್ದೆ. ಅಜ್ಜ ಅರ್ಧಕ್ಕೇ ಕೈ ನಿಲ್ಲಿಸಿದ. ಸರಳನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಹತ್ತಿರ ಬಗ್ಗಿ ನೋಡಿದ. ಸರಳಿನ ಮೇಲೆ ಎರಡು ಗೀರುಗಳಿದ್ದವು. ನಳಿಗೆ ಖಾಲಿ ಇದ್ದರೆ ಮೇಲಿನ ಗೀರು ನಳಿಗೆಯ ಬಾಯಿಗೆ ಸಮ ನಿಲ್ತದೆ. ಒಂದು ಈಡಿನ ಮದ್ದು ಇದ್ದರೆ ಸರಳು ಅಷ್ಟು ಕೆಳಗೆ ಹೋಗೋದಿಲ್ಲ, ಕೆಳಗಿನ ಗೀರು ಬಾಯಿಗೆ ಬರ್ತದೆ.

“ಮಾತಾಡ್ತಾ ಇದ್ರೆ ಹಾಕಿದ್ದೂ ನೆನಪಿರೂದಿಲ್ಲ, ಹಾಕದ್ದೂ ನೆನಪಿರೂದಿಲ್ಲ ತಂಗೀ. ಸರಳು ನೆನಪಿಟ್ಕಂಡಿರ್ತದೆ” ಅಂದ.

ಅಜ್ಜನ ಅಣ್ಣನಿಗೆ, ಅಂದರೆ ನಮ್ಮ ದೊಡ್ಡಜ್ಜನಿಗೆ, ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ತುಂಬಿದ ಕೋವಿಗೇ ಮತ್ತೊಮ್ಮೆ ತುಂಬಿದ್ದರಂತೆ. ಆ ಮೇಲೆ ಅಜ್ಜ ಸರಳಿಗೆ ಗೀರು ಹಾಕಿಕೊಂಡದ್ದು.

ಇದು ನಮ್ಮ ಮನೆಯವರ ಮರೆವು ಮಾತ್ರ ಅಲ್ಲ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ನೆಲದಲ್ಲಿ ಬಿದ್ದಿದ್ದ ಬಂದೂಕುಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದ್ದರು. ಸಿಕ್ಕ ಸುಮಾರು 27,000ದಲ್ಲಿ ಸುಮಾರು 24,000 ತುಂಬಿದ ಸ್ಥಿತಿಯಲ್ಲೇ ಇದ್ದವು, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು ತುಂಬಿತ್ತು ಅಂತ ದಾಖಲಾಗಿದೆ. ಗಡಿಬಿಡಿಯಲ್ಲಿ, ಹೆದರಿಕೆಯಲ್ಲಿ, ಹೊಡೆದೆನೋ ಇಲ್ಲವೋ ಗೊತ್ತಾಗದೆ ಮತ್ತೆ ಮತ್ತೆ ತುಂಬಿದ್ದರು.

ಈ ಪ್ರೆಸ್ ಏನು ಮಾಡ್ತದೆ

ಮೂರನೇ ಸೆಮಿಸ್ಟರ್‌ನಲ್ಲಿ ಪ್ರೋಗ್ರೆಸ್ಸಿವ್ ಡೈ ಪಾಠ ಬಂತು. ಒಂದೇ ಹೊಡೆತಕ್ಕೆ ಸಾಲಾಗಿ ಇರುವ ಹಲವು ಸ್ಟೇಷನ್‌ಗಳಲ್ಲಿ ಹಲವು ಕೆಲಸ ಆಗೋದು. ನನಗೆ ಚಿತ್ರ ನೋಡಿ ಅರ್ಥ ಆಗಲಿಲ್ಲ. ಕೈಯಿಂದ ನಡೆಸುವ ಚಿಕ್ಕ ಉದಾಹರಣೆ ಹುಡುಕುವಾಗ ಈ ತೋಟೆ ತುಂಬುವ ಪ್ರೆಸ್ ಕಣ್ಣಿಗೆ ಬಿತ್ತು. ಮೇಜಿಗೆ ಬೋಲ್ಟ್ ಹಾಕಿ ಕೂರಿಸುವಷ್ಟೇ ದೊಡ್ಡದು, ಆದರೆ ದೊಡ್ಡ ಕಾರ್ಖಾನೆಯ ಎಲ್ಲ ತಲೆನೋವುಗಳೂ ಅದರಲ್ಲಿವೆ.

ಇಲ್ಲೇ ಒಂದು ಮಾತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಹಾಗಾಗಿ ಇದು ಮನೆಯಲ್ಲಿ ಮಾಡಿನೋಡುವ ವಿಷಯ ಅಲ್ಲ. ನಾವು ಇಲ್ಲಿ ನೋಡೋದು ಯಂತ್ರವನ್ನು ಮಾತ್ರ. ಅಮೆರಿಕದಲ್ಲಿ ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವವರು ತಿಂಗಳಿಗೆ ನೂರಾರು, ಸಾವಿರಾರು ಗುಂಡು ಹಾರಿಸ್ತಾರೆ, ಅವರಿಗಾಗಿ ಈ ಪ್ರೆಸ್‌ಗಳು ಬಂದವು.

ಒಂದು ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಪ್ರೈಮರ್ (ಅಜ್ಜನ ಕೇಪಿನ ಕೆಲಸ ಇದರದ್ದು), ಒಳಗೆ ಮದ್ದು, ತುದಿಯಲ್ಲಿ ಬುಲೆಟ್. ಗುಂಡು ಹಾರಿದ ಮೇಲೆ ಮೂರು ಭಾಗ ಖರ್ಚಾಗ್ತವೆ, ಮತ್ತೆ ಬಳಸೋಕೆ ಹಿತ್ತಾಳೆ ಕೇಸ್ ಮಾತ್ರ ಉಳೀತದೆ. ಅದನ್ನು ಎಸೆಯದೆ ಮತ್ತೆ ಬಳಸೋದೇ ರೀಲೋಡಿಂಗ್.

ಪಿಸ್ತೂಲಿನ ತೋಟೆ ಅಂತ ಇಟ್ಟುಕೊಂಡರೆ, ಐದು ಸ್ಟೇಷನ್‌ಗಳ ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಹೀಗೆ ನಡೀತದೆ:

1. ಗುಂಡು ಹಾರಿಸಿದಾಗ ಉಬ್ಬಿದ ಕೇಸನ್ನು ಒತ್ತಿ ಮೊದಲ ಅಳತೆಗೆ ತರೋದು, ಹಳೇ ಪ್ರೈಮರ್ ತಳ್ಳೋದು, ಹೊಸದು ಕೂರಿಸೋದು.
2. ಕೇಸಿನ ಬಾಯಿ ಸ್ವಲ್ಪ ಅಗಲ ಮಾಡಿ ಮದ್ದು ಸುರಿಯೋದು.
3. ಮದ್ದಿನ ಮಟ್ಟ ನೋಡೋದು.
4. ಬುಲೆಟ್ ಕೂರಿಸೋದು.
5. ಅಗಲ ಮಾಡಿದ ಬಾಯಿಯನ್ನು ಮತ್ತೆ ಒತ್ತಿ ಬಿಗಿ ಮಾಡೋದು.

ಕೇಸ್‌ಗಳು ಕೂರುವ ದುಂಡು ತಟ್ಟೆಗೆ ಶೆಲ್‌ಪ್ಲೇಟ್ ಅಂತಾರೆ. ಹಿಡಿಕೆ ಎಳೆದಾಗ ತಟ್ಟೆ ಮೇಲೇರಿ, ಐದೂ ಕೇಸ್‌ಗಳು ತಮ್ಮ ತಮ್ಮ ಡೈಗೆ ಒಟ್ಟಿಗೇ ಹೊಗ್ತವೆ. ಹಿಡಿಕೆ ಬಿಟ್ಟಾಗ ತಟ್ಟೆ ಇಳಿದು ಒಂದು ಸ್ಟೇಷನ್ ಮುಂದಕ್ಕೆ ತಿರುಗ್ತದೆ. ಒಂದು ಸಲ ಐದೂ ತುಂಬಿಕೊಂಡ ಮೇಲೆ, ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟೆ ಹೊರಗೆ ಬೀಳ್ತದೆ.

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಡೈ ಒಂದೇ. ನೂರು ಕೇಸ್‌ಗಳಿಗೂ ಮೊದಲ ಕೆಲಸ ಮುಗಿಸಿ, ಡೈ ಬದಲಿಸಿ, ನೂರಕ್ಕೂ ಎರಡನೇ ಕೆಲಸ. ಹೀಗೇ ಕೊನೆವರೆಗೆ.

ಶಕ್ತಿ ಎಲ್ಲಿದೆ

ಲೆಕ್ಕ ಸುಲಭ. 100 ತೋಟೆಗೆ ಸಿಂಗಲ್ ಸ್ಟೇಜ್‌ನಲ್ಲಿ ನಾಲ್ಕು ಸುತ್ತು ಅಂದರೂ 400 ಎಳೆತ, ಜೊತೆಗೆ ಮದ್ದು ಸುರಿಯೋ ಕೈಕೆಲಸ ಬೇರೆ. ಐದು ಸ್ಟೇಷನ್‌ಗಳ ಪ್ರೋಗ್ರೆಸ್ಸಿವ್‌ನಲ್ಲಿ 104 ಎಳೆತ: ಸಾಲು ತುಂಬೋಕೆ ನಾಲ್ಕು, ಆಮೇಲೆ ಒಂದಕ್ಕೆ ಒಂದು. ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಇದು ಎಲ್ಲೋ ನೋಡಿದ ಹಾಗೆ ಅನ್ನಿಸಿರಬೇಕು. ಹೌದು, ಇದು ನಿಮ್ಮ ಐದು ಹಂತದ ಪೈಪ್‌ಲೈನೇ. ಒಂದು ತೋಟೆಗೆ ಹಿಡಿಯೋ ಹಂತಗಳು ಕಮ್ಮಿ ಆಗೋದಿಲ್ಲ, ಆದರೆ ಹೊರಗೆ ಬರುವ ವೇಗ ಹೆಚ್ಚಾಗ್ತದೆ.

ಅರಿಝೋನಾದ ಡಿಲ್ಲನ್ ಪ್ರಿಸಿಷನ್ ಕಂಪನಿಯ 550 ಮಾದರಿಯಲ್ಲಿ ನಾಲ್ಕು ಸ್ಟೇಷನ್. ಅದರ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕು. ಆದರೂ ಗಂಟೆಗೆ 400ರಿಂದ 600 ತೋಟೆ ಆಗ್ತದೆ ಅಂತ ಕಂಪನಿ ಹೇಳ್ತದೆ. 750 ಮಾದರಿಯಲ್ಲಿ ಐದು ಸ್ಟೇಷನ್, ತಟ್ಟೆ ತಾನಾಗಿ ತಿರುಗ್ತದೆ.

ವೇಗ ಬಿಟ್ಟು ಇನ್ನೊಂದು ಲಾಭ ಇದೆ. ಡೈಗಳನ್ನು ಒಮ್ಮೆ ಹೊಂದಿಸಿ ಬಿಗಿ ಮಾಡಿದರೆ ಮತ್ತೆ ಮುಟ್ಟೋದಿಲ್ಲ. ಪ್ರತಿ ಕೇಸೂ ಅದೇ ಡೈ, ಅದೇ ಎತ್ತರ, ಅದೇ ಕ್ರಮದಲ್ಲಿ ಹೋಗ್ತದೆ. ನೂರು ಸಲ ಎತ್ತಿ ಇಡುವ ಕೆಲಸ ಇಲ್ಲದ್ದರಿಂದ, ಎತ್ತಿ ಇಡುವಾಗ ಆಗುವ ತಪ್ಪುಗಳೂ ಇಲ್ಲ.

ಕಿರಿಕಿರಿಗಳು

ಮೊದಲನೇದು, ಹೊಂದಿಸೋ ಸಮಯ. ಬೇರೆ ಅಳತೆಯ ತೋಟೆ ಮಾಡಬೇಕು ಅಂದರೆ ಶೆಲ್‌ಪ್ಲೇಟ್, ಡೈಗಳು, ಮದ್ದಿನ ಅಳತೆ, ಕೆಲವು ಸಲ ಪ್ರೈಮರ್ ಬರುವ ದಾರಿಯೂ ಬದಲಾಗಬೇಕು. ಒಂದು ಲೆಕ್ಕ ಹಾಕೋಣ, ಅಂಕಿಗಳು ನಾನು ಊಹಿಸಿಕೊಂಡದ್ದು. ಸಿಂಗಲ್ ಸ್ಟೇಜ್ ಹೊಂದಿಸೋಕೆ 10 ನಿಮಿಷ, ಆಮೇಲೆ ತೋಟೆಗೆ 1 ನಿಮಿಷ. ಪ್ರೋಗ್ರೆಸ್ಸಿವ್ ಹೊಂದಿಸೋಕೆ 45 ನಿಮಿಷ, ಆಮೇಲೆ ತೋಟೆಗೆ 9 ಸೆಕೆಂಡ್, ಅಂದರೆ 0.15 ನಿಮಿಷ. 10 + ಎನ್ = 45 + 0.15 ಎನ್. ಎನ್ ಸುಮಾರು 41. ನಲವತ್ತೊಂದಕ್ಕಿಂತ ಕಮ್ಮಿ ಬೇಕಿದ್ದರೆ ನಿಧಾನದ ಯಂತ್ರವೇ ಬೇಗ. ವರ್ಷಕ್ಕೆ ಹನ್ನೆರಡು ಈಡಿನ ನಮ್ಮ ಅಜ್ಜನಿಗೆ ಸಿಂಗಲ್ ಸ್ಟೇಜೂ ಹೆಚ್ಚೇ.

ಎರಡನೇದು, ಒಂದು ನಿಂತರೆ ಎಲ್ಲವೂ ನಿಲ್ತದೆ. ಒಂದೊಂದು ಸ್ಟೇಷನ್ 1000ದಲ್ಲಿ 995 ಸಲ ಸರಿಯಾಗಿ ಕೆಲಸ ಮಾಡ್ತದೆ ಅಂತ ಇಟ್ಟುಕೊಳ್ಳಿ. ಕೇಳೋಕೆ ಚೆನ್ನಾಗಿದೆ. ಆದರೆ ಐದೂ ಒಟ್ಟಿಗೆ ಸರಿ ಇರಬೇಕು ಅಂದರೆ 0.995ರ ಐದನೇ ಘಾತ, ಅದು 0.975. ನಲವತ್ತು ಎಳೆತಕ್ಕೆ ಒಂದು ಸಲ ಎಲ್ಲೋ ಏನೋ ಸಿಕ್ಕಿಹಾಕಿಕೊಳ್ತದೆ. ಈ ಪ್ರೆಸ್ ಬಳಸುವವರು ಹೆಚ್ಚು ಬೈಯೋದು ಪ್ರೈಮರ್ ಬರುವ ದಾರಿಗೆ. ಚಿಕ್ಕ ವಸ್ತು, ಒಂದು ಅಡ್ಡ ಬಿದ್ದರೆ ಸಾಲೇ ನಿಲ್ತದೆ. ಜೋರು ಮಾಡೋ ಹಾಗೂ ಇಲ್ಲ, ಯಾಕಂದರೆ ಅದು ಪೆಟ್ಟಿಗೆ ಸಿಡಿಯೋ ವಸ್ತು.

ಮೂರನೇದು, ಕೈಗೆ ಗೊತ್ತಾಗೋದು ಕಮ್ಮಿ ಆಗ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಹಿಡಿಕೆಗೆ ಬರೋದು ಒಂದೇ ಕೆಲಸದ ಒತ್ತಡ. ಬುಲೆಟ್ ಸೊಟ್ಟ ಕೂತರೆ ಕೈಗೇ ತಿಳೀತದೆ. ಪ್ರೋಗ್ರೆಸ್ಸಿವ್‌ನಲ್ಲಿ ಎಲ್ಲ ಸ್ಟೇಷನ್‌ಗಳ ಒತ್ತಡ ಒಂದೇ ಹಿಡಿಕೆಗೆ ಬರ್ತದೆ. ಕೇಸ್ ಒತ್ತೋ ದೊಡ್ಡ ಒತ್ತಡದಲ್ಲಿ ಬುಲೆಟ್‌ನ ಚಿಕ್ಕ ತಪ್ಪು ಮುಚ್ಚಿಹೋಗ್ತದೆ.

ನಾಲ್ಕನೇದು ನಮ್ಮ ಕೈನೆಮ್ಯಾಟಿಕ್ಸ್ ಕ್ಲಾಸಿಗೆ ಸೇರಿದ್ದು. ತಟ್ಟೆ ಒಮ್ಮೆಲೇ ತಿರುಗಿ ಟಕ್ ಅಂತ ನಿಂತರೆ, ಚಿಕ್ಕ ಕೇಸಿನ ಬಾಯಿವರೆಗೆ ಇರುವ ಮದ್ದು ಹಾರಿ ಚೆಲ್ತದೆ. ಹಾರ್ನಡಿ ಕಂಪನಿಯ ಲಾಕ್-ಎನ್-ಲೋಡ್ ಪ್ರೆಸ್‌ನಲ್ಲಿ ತಟ್ಟೆ ಹಿಡಿಕೆ ಎಳೆಯುವಾಗ ಅರ್ಧ, ಬಿಡುವಾಗ ಅರ್ಧ ತಿರುಗ್ತದೆ. ಅದೇ ದೂರ, ಎರಡು ಭಾಗ. ಜರ್ಕ್ ಅನ್ನೋದು ಪರೀಕ್ಷೆಗೆ ಬರೋ ಡೆರಿವೇಟಿವ್ ಮಾತ್ರ ಅಂದುಕೊಂಡಿದ್ದೆ, ಇದನ್ನು ಓದಿದ ಮೇಲೆ ಅರ್ಥ ಆಯ್ತು.

ಐದನೇದು ಸೂಕ್ಷ್ಮ. ಸಾಲಿನ ಮೊದಲ ಮತ್ತು ಕೊನೆಯ ಕೆಲವು ತೋಟೆಗಳ ಉದ್ದ ಮಧ್ಯದವಕ್ಕಿಂತ ಒಂದಿಷ್ಟು ಬೇರೆ ಬರಬಹುದು. ಆಗ ತಟ್ಟೆಯ ಕೆಲವು ಸ್ಟೇಷನ್ ಖಾಲಿ ಇರ್ತವೆ, ಒತ್ತಡ ಒಂದೇ ಬದಿಗೆ ಬಿದ್ದು ತಟ್ಟೆ ಕೂದಲೆಳೆಯಷ್ಟು ವಾಲ್ತದೆ.

ನಿಜವಾದ ಅಪಾಯ

ಮೇಲಿನ ಐದೂ ಕಿರಿಕಿರಿ. ಅಪಾಯ ಬೇರೆ ಕಡೆ ಇದೆ: ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸಿದ ಮೇಲಿನ ಅರ್ಧ ನಿಮಿಷದಲ್ಲಿ.

ಪ್ರೈಮರ್ ಸಿಕ್ಕಿಕೊಂಡಿತು ಅನ್ನಿ. ನೀವು ಹಿಡಿಕೆ ಅರ್ಧಕ್ಕೆ ಬಿಟ್ಟು, ಎರಡು ಕೇಸ್ ಹೊರಗೆ ತೆಗೆದು, ಚಿಮಟದಿಂದ ಎಳೆದು, ಬೈದು, ಮತ್ತೆ ಕೇಸ್ ಇಟ್ಟಿರಿ. ಈಗ ತಟ್ಟೆಯ ಮೇಲೆ ಐದು ಕೇಸ್, ಐದೂ ಬೇರೆ ಬೇರೆ ಹಂತದಲ್ಲಿ. ಮದ್ದಿನ ಕೆಳಗೆ ಇರುವ ಕೇಸಿಗೆ ಆಗಲೇ ಮದ್ದು ಬಿದ್ದಿದೆಯಾ? ತಟ್ಟೆ ಕೈಯಿಂದ ತಿರುಗಿಸೋ ಯಂತ್ರ ಆದರೆ, ಆಗಲೇ ತಿರುಗಿಸಿದೆನಾ? ತಿರುಗಿಸೋಕೆ ಮರೆತು ಹಿಡಿಕೆ ಎಳೆದರೆ ಅದೇ ಕೇಸಿಗೆ ಎರಡನೇ ಸಲ ಮದ್ದು. ಎರಡು ಸಲ ತಿರುಗಿಸಿದರೆ ಒಂದು ಕೇಸಿಗೆ ಮದ್ದೇ ಇಲ್ಲ.

ಎರಡೂ ಕೆಟ್ಟದ್ದೇ. ಎರಡು ಪಾಲು ಮದ್ದು ಬಿದ್ದ ತೋಟೆ ಬಂದೂಕನ್ನೇ ಒಡೆಯಬಹುದು. ಮದ್ದಿಲ್ಲದ ತೋಟೆ ಪಾಪದ್ದು ಅಂತ ಕಾಣ್ತದೆ, ಆದರೆ ಪ್ರೈಮರ್ ಒಂದರ ಬಲಕ್ಕೇ ಬುಲೆಟ್ ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಅಲ್ಲೇ ಸಿಕ್ಕಿಕೊಳ್ತದೆ. ಗೊತ್ತಾಗದೆ ಮುಂದಿನ ಗುಂಡು ಹಾರಿಸಿದರೆ ನಳಿಗೆ ಸೀಳಬಹುದು. ಪಿಸ್ತೂಲಿನ ಕೆಲವು ಮದ್ದುಗಳು ಕೇಸಿನ ಅರ್ಧದಷ್ಟೂ ತುಂಬೋದಿಲ್ಲ, ಹಾಗಾಗಿ ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲೋದಿಲ್ಲ. ಅದರ ಮೇಲೆ ಬುಲೆಟ್ ಕೂತರೆ ಮುಗೀತು, ಹೊರಗಿನಿಂದ ನೋಡಿದರೆ ಆ ತೋಟೆ ಉಳಿದ ತೊಂಬತ್ತೊಂಬತ್ತರ ಹಾಗೇ.

ಮೂರನೇ ಸ್ಟೇಷನ್ ಇರೋದು ಇದಕ್ಕೇ. ಅಲ್ಲಿ ಒಂದು ಚಿಕ್ಕ ಸರಳು ಕೇಸಿನೊಳಗೆ ಇಳಿದು ಮದ್ದಿನ ಮೇಲೆ ನಿಲ್ತದೆ. ಮಟ್ಟ ಸರಿ ಇಲ್ಲದಿದ್ದರೆ ಡಿಲ್ಲನ್‌ನ ವ್ಯವಸ್ಥೆಯಲ್ಲಿ ಬಝರ್ ಕೂಗ್ತದೆ. ಆರ್‌ಸಿಬಿಎಸ್ ಕಂಪನಿಯ ಲಾಕ್-ಔಟ್ ಡೈ ಇನ್ನೂ ಒಂದು ಹೆಜ್ಜೆ ಮುಂದೆ: ಮಟ್ಟ ತಪ್ಪಿದ್ದರೆ ಪ್ರೆಸ್ ಮುಂದೆ ಚಲಿಸದ ಹಾಗೆ ಹಿಡಿದು ನಿಲ್ಲಿಸ್ತದೆ. ಬಝರ್ ಕೇಳಿಸಿಕೊಳ್ಳದೆ ಇರಬಹುದು, ಚಲಿಸದ ಹಿಡಿಕೆಯನ್ನು ಗಮನಿಸದೆ ಇರೋಕಾಗೋದಿಲ್ಲ. ಅಲಾರ್ಮ್‌ಗೂ ಇಂಟರ್‌ಲಾಕ್‌ಗೂ ಇರುವ ವ್ಯತ್ಯಾಸ ಇಷ್ಟೇ.

ಇದನ್ನು ಓದಿದಾಗ ನನಗೆ ನಗು ಬಂತು. ನಳಿಗೆಯೊಳಗೆ ಸರಳು ಇಳಿಸಿ ಮದ್ದಿನ ಎತ್ತರ ನೋಡೋದು. ಇದು ನಮ್ಮ ಅಜ್ಜ ಮಾಡೋದೇ ಅಲ್ವಾ?

ಅನುಭವ ಇರುವವರು ಪಾಲಿಸುವ ಇನ್ನೊಂದು ನಿಯಮವೂ ಇದೆ. ಏನಾದರೂ ಸಿಕ್ಕಿಹಾಕಿಕೊಂಡರೆ ನೆನಪಿನ ಮೇಲೆ ಮುಂದುವರಿಯಬಾರದು. ತಟ್ಟೆಯ ಮೇಲಿನ ಎಲ್ಲ ಕೇಸ್ ತೆಗೆದು, ಒಂದೊಂದಾಗಿ ನೋಡಿ, ಮೊದಲಿನಿಂದ ಶುರು ಮಾಡಬೇಕು. ಐದು ಕೇಸಿನ ಕೆಲಸ ಹಾಳು, ಅಷ್ಟೇ.

ನಮ್ಮ ಕೋಕಂ ಯಂತ್ರ

ಓದಿ ತಿಳಿದುಕೊಂಡೆ ಅಂತ ಹೇಳೋಕೆ ಧೈರ್ಯ ಇಲ್ಲ, ಯಾಕಂದರೆ ಇದೇ ತಪ್ಪನ್ನು ನಾವೂ ಮಾಡಿದೆವು. ಮಿನಿ ಪ್ರಾಜೆಕ್ಟ್‌ಗೆ ನಾಲ್ಕು ಜನ ಸೇರಿ ಕೋಕಂ ಶರಬತ್ತಿನ ಬಾಟಲಿ ತುಂಬುವ, ಕೈಯಿಂದ ನಡೆಸುವ ಯಂತ್ರ ಮಾಡಿದ್ದೆವು. ದುಂಡು ತಟ್ಟೆ, ನಾಲ್ಕು ಸ್ಟೇಷನ್: ಬಾಟಲಿ ಇಡೋದು, ತುಂಬೋದು, ಮುಚ್ಚಳ ಒತ್ತೋದು, ತೆಗೆಯೋದು. ರ‍್ಯಾಚೆಟ್ ತ್ರೀಡಿ ಪ್ರಿಂಟ್‌ನದ್ದು. ರೂಮಿನಲ್ಲಿ ಚೆನ್ನಾಗಿಯೇ ನಡೀತಿತ್ತು.

ಡೆಮೋ ದಿನ ಆರನೇ ಬಾಟಲಿಗೆ ಮುಚ್ಚಳ ಸೊಟ್ಟ ಕೂತಿತು. ಗೆಳೆಯ ಗಡಿಬಿಡಿಯಲ್ಲಿ ತಟ್ಟೆಯನ್ನು ಒಂದು ಸ್ಟೇಷನ್ ಹಿಂದಕ್ಕೆ ತಿರುಗಿಸಿ ಮುಚ್ಚಳ ತೆಗೆದ. ನಾನು ಹಿಡಿಕೆ ಎಳೆದೆ. ತುಂಬಿದ ಬಾಟಲಿ ಮತ್ತೆ ನಳ್ಳಿಯ ಕೆಳಗೇ ಬಂದಿತ್ತು. ಕೆಂಪು ಕೋಕಂ ಮೇಜಿನ ಮೇಲೆ, ಅಲ್ಲಿಂದ ಸರ್ ಅವರ ರೆಕಾರ್ಡ್ ಪುಸ್ತಕದ ಮೇಲೆ. ಎಲ್ಲರೂ ನಕ್ಕರು. ಸರ್ ಮಾತ್ರ ನಗದೆ ಕೇಳಿದರು: “ಯಾವ ಬಾಟಲಿ ಯಾವ ಹಂತದಲ್ಲಿದೆ ಅಂತ ನಿಮ್ಮ ಮಷಿನ್‌ಗೆ ಹೇಗೆ ಗೊತ್ತಾಗುತ್ತೆ?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಂತ್ರಕ್ಕೆ ಗೊತ್ತಿರಲಿಲ್ಲ, ನಮ್ಮ ತಲೆಗೆ ಗೊತ್ತಿತ್ತು. ಗಡಿಬಿಡಿಯಾದ ತಕ್ಷಣ ಅದೂ ಹೋಯ್ತು. ಕೋಕಂ ಆದ್ದರಿಂದ ಒರೆಸಿಕೊಂಡು ಬಂದೆವು. ದೊಡ್ಡಜ್ಜನಿಗೆ ಅದು ಕೋಕಂ ಆಗಿರಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಒಂದು, ತಟ್ಟೆ ಹಿಂದಕ್ಕೆ ತಿರುಗದ ಹಾಗೆ ಇನ್ನೊಂದು ಪಾಲ್. ಎರಡು, ತುಂಬೋ ಸ್ಟೇಷನ್ ಆದ ಮೇಲೆ ಬಾಟಲಿಯೊಳಗೆ ಇಳಿಯುವ ತೇಲುವ ಕಡ್ಡಿ. ಅದರ ಮೇಲೆ ಎರಡು ಗೀರು. ಶರಬತ್ತಿನ ಮಟ್ಟ ಎರಡು ಗೀರುಗಳ ನಡುವೆ ಇಲ್ಲದಿದ್ದರೆ ತಟ್ಟೆ ಮುಂದಕ್ಕೆ ಹೋಗೋದಿಲ್ಲ. ಮೊದಲಿಗಿಂತ ನಿಧಾನ ಆಯ್ತು, ನಿಮಿಷಕ್ಕೆ ಎರಡು ಬಾಟಲಿ ಕಮ್ಮಿ. ಇರಲಿ.

ನಾವು ಮುಂದೆ ಪ್ರೆಸ್ ಶಾಪ್‌ಗಳಲ್ಲಿ ಕೆಲಸಕ್ಕೆ ಹೋದರೆ ಇದನ್ನೇ ದೊಡ್ಡ ಅಳತೆಯಲ್ಲಿ ನೋಡ್ತೇವೆ. ಬೆಂಗಳೂರಿನ ಪೀಣ್ಯದಂಥ ಕಡೆ ತಗಡಿನ ಪಟ್ಟಿ ಪ್ರೋಗ್ರೆಸ್ಸಿವ್ ಡೈಯೊಳಗೆ ಓಡುವಾಗ, ಪೈಲಟ್ ಪಿನ್‌ಗಳು ಮೊದಲೇ ಹೊಡೆದ ತೂತಿಗೆ ಇಳಿದು ಪಟ್ಟಿ ಸರಿಯಾದ ಜಾಗದಲ್ಲಿ ಇದೆಯಾ ಅಂತ ಖಚಿತ ಮಾಡಿಕೊಳ್ತವೆ. ಪಟ್ಟಿ ಸರಿಯಾಗಿ ಮುಂದೆ ಬರದಿದ್ದರೆ ಸೆನ್ಸರ್ ಪ್ರೆಸ್ಸನ್ನೇ ನಿಲ್ಲಿಸ್ತದೆ, ಇಲ್ಲದಿದ್ದರೆ ಮುಂದಿನ ಹೊಡೆತಕ್ಕೆ ಡೈಯೇ ಒಡೀಬಹುದು. ಅಲ್ಲೂ ಕೆಲಸ ಒಂದೇ: ಯಾರೂ ನೆನಪಿಟ್ಟುಕೊಳ್ಳದ್ದನ್ನು ಒಂದು ಕಡ್ಡಿ ನೆನಪಿಟ್ಟುಕೊಳ್ಳೋದು.

ಅಜ್ಜನ ಪ್ರಶ್ನೆ

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನಿಗೆ ಮೊಬೈಲ್‌ನಲ್ಲಿ ಪ್ರೋಗ್ರೆಸ್ಸಿವ್ ಪ್ರೆಸ್‌ನ ವಿಡಿಯೋ ತೋರಿಸಿದೆ. ಟಕ್, ಟಕ್, ಟಕ್ ಅಂತ ತೋಟೆ ಬೀಳ್ತಾ ಇತ್ತು. ಅಜ್ಜ ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದ. “ಲಾಯ್ಕಿದೆ” ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

“ಕೈಯೆಲ್ಲಾ ಹಿಡಿಕೆ ಮೇಲೇ ಉಂಟು. ಇದ್ರಲ್ಲಿ ಒಳಗೆ ನೋಡೂದು ಯಾರು?”

ನಾನು ವಿಡಿಯೋ ಹಿಂದಕ್ಕೆ ಎಳೆದು ಮೂರನೇ ಸ್ಟೇಷನ್ ತೋರಿಸಿದೆ. ಕೇಸಿನೊಳಗೆ ಚಿಕ್ಕ ಸರಳು ಇಳಿದು ಮೇಲೆ ಬರೋದನ್ನು ಅಜ್ಜ ಎರಡು ಸಲ ನೋಡಿದ. ಆಮೇಲೆ ಎದ್ದು ಹೋಗಿ ತನ್ನ ಸರಳು ತಂದು ನನ್ನ ಕೈಗೆ ಕೊಟ್ಟ. ಗೀರುಗಳು ಸವೆದು ಕಾಣದ ಹಾಗಾಗಿದ್ದವು. ನಾನು ಅರ ತಂದು, ಅಜ್ಜ ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಎರಡನ್ನೂ ಮತ್ತೆ ಹಾಕಿಕೊಟ್ಟೆ.

ನಮ್ಮ ಕೋಕಂ ಯಂತ್ರ ಈಗ ಲ್ಯಾಬ್‌ನ ಕಿಟಕಿ ಪಕ್ಕದ ಶೆಲ್ಫ್‌ನಲ್ಲಿದೆ. ಬಂದು ತಿರುಗಿಸಿ ನೋಡಿ, ಬೇಕಂತಲೇ ತಪ್ಪು ಮಾಡಿ ನೋಡಿ. ಕಡ್ಡಿಯನ್ನೂ ದಾಟಿ ಹೋಗುವ ತಪ್ಪು ಯಾರಿಗಾದರೂ ಸಿಕ್ಕರೆ ದಯವಿಟ್ಟು ನನಗೆ ಹೇಳಿ. ನನ್ನ ಕನ್ನಡದಲ್ಲಿ ತಪ್ಪು ಸಿಕ್ಕರೂ ಹೇಳಿ.